ಹೊಸ್ತಿಲ ಮೇಲೆ ನಿಂತ ನಿರ್ದೇಶಕರು

ದಾರಿಫಲಕ ಇಲಾಖೆಯ ನಿರ್ದೇಶಕರು ಸೋಮವಾರ ಬೆಳಿಗ್ಗೆ ತಮ್ಮ ಕೋಣೆಯ ಹೊಸ್ತಿಲ ಮೇಲೆ ನಿಂತರು ಎಂಬ ಸಂಗತಿಯನ್ನು ಸಾರ್ವಜನಿಕರ ಅವಗಾಹನೆಗೆ ತರಲಾಗಿದೆ. ಊರಿನ ಬೀದಿಬೀದಿಗೂ ಬಾಣದ ಗುರುತು ಹಾಕಿ, ಎಡಕ್ಕೋ ಬಲಕ್ಕೋ ಎಂದು ಜನಕ್ಕೆ ತಿಳಿಸುವುದು ನಮ್ಮ ಇಲಾಖೆಯ ಕರ್ತವ್ಯ. ಕೋಣೆಯೊಳಗೆ ಕುರ್ಚಿ ಮೆತ್ತಗಿತ್ತು, ಹೊರಗಿನ ಹಜಾರದಲ್ಲಿ ಫ್ಯಾನು ಜೋರಾಗಿತ್ತು. ಎಲ್ಲಿ ಕೂರುವುದೆಂದು ಸಾಹೇಬರಿಗೆ ತೋಚಲಿಲ್ಲ. ಕುರ್ಚಿಯನ್ನೇ ಹೊರಗೆ ತರಬಹುದಿತ್ತಲ್ಲ ಎಂದು ಕೆಲವರು ಕೇಳಬಹುದು. ಅಂಥವರು ಕಚೇರಿ ಕೆಲಸಕ್ಕೆ ಲಾಯಕ್ಕಲ್ಲ.

ಇದರಿಂದ ಒಳಗಿದ್ದ ಗುಮಾಸ್ತ ಸಿಕ್ಕಿಬಿದ್ದ. ಅಂದು ಸಂಜೆ ನೋಂದಣಿ ಕಚೇರಿಯಲ್ಲಿ ಅವನ ಮದುವೆ. ಮೇಲಧಿಕಾರಿ ಬಾಗಿಲಲ್ಲಿರುವಾಗ ಕೈಕೆಳಗಿನವರು ಅವರನ್ನು ದಾಟಿ ಹೋಗತಕ್ಕದ್ದಲ್ಲ ಎಂಬ ನಿಯಮವಿದೆ.

“ಸಾರ್, ಸ್ವಲ್ಪ ಜರುಗ್ತೀರಾ? ನನ್ನ ಮದುವೆ ಇದೆ.”

“ಜರುಗ್ತೀನಿ ಕಣಯ್ಯ. ಯಾವ ಕಡೆಗೆ ಅಂತ ಹೇಳು.”

ಸಾಹೇಬರಿಗೆ ದಿಕ್ಕು ತೋರಿಸುವ ಅಧಿಕಾರ ಗುಮಾಸ್ತನಿಗೆ ಇಲ್ಲದ ಕಾರಣ ಅವನು ವಾಪಸ್ಸು ಹೋಗಿ ಕಡತ ಬಿಚ್ಚಿ ಕೂತ. ಅವನ ಮುಖ ನೋಡಿ ಹಜಾರದಲ್ಲಿದ್ದ ನನ್ನ ಕರುಳು ಚುರುಕ್ಕೆಂದಿತು. ಆದರೆ ಅದು ಊಟದ ಹೊತ್ತೂ ಆಗಿತ್ತು, ಎದ್ದು ಹೋದೆ.

ಊಟ ಮುಗಿಸಿ ಬರುವಷ್ಟರಲ್ಲಿ ಕೇಂದ್ರ ಕಚೇರಿಯವರು ಸಾಹೇಬರನ್ನು ಹೊಸ್ತಿಲಿಂದ ಜರುಗಿಸಲು ಒಬ್ಬ ಧ್ಯೇಯ ತರಬೇತುದಾರರನ್ನು ಕಳಿಸಿದ್ದರು. ಅವರ ಬೂಟುಗಳಲ್ಲಿ ನಮ್ಮ ಮುಖ ಕಾಣುತ್ತಿತ್ತು.

“ಗುರಿ ಸ್ಪಷ್ಟವಾದ್ರೆ ಕಾಲು ತಾನಾಗೇ ನಡಿಯುತ್ತೆ ಸಾರ್. ಕಣ್ಣು ಮುಚ್ಚಿ. ನಿಮ್ಮ ಮನಸ್ಸು ಎಲ್ಲಿದೆ, ಹೇಳಿ?”

ಸಾಹೇಬರು ಕಣ್ಣು ಮುಚ್ಚಿದರು. “ಇಲ್ಲೇ ಇದೆ ಕಣ್ರೀ,” ಎಂದರು.

“ಹಾಗಾದ್ರೆ ಇದೇ ನಿಮ್ಮ ಗುರಿ!”

ಸಿಬ್ಬಂದಿ ಚಪ್ಪಾಳೆ ತಟ್ಟಿದರು. ಲೆಕ್ಕಾಧಿಕಾರಿ ಕಣ್ಣೊರೆಸಿಕೊಂಡರು. ತಕ್ಷಣ ಪ್ರಕಟಣೆ ಹೊರಟಿತು: “ಹೊಸ್ತಿಲ ಮೇಲೆ ನಿಲ್ಲುವುದು ನಿರ್ದೇಶಕರ ಧ್ಯೇಯವಾಗಿದ್ದು, ಇದನ್ನು ಅನಿರ್ಧಾರ ಎಂದು ಕರೆಯುವವರ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು.”

ಅಷ್ಟರಲ್ಲಿ ಕೋಣೆಯ ಕಿಟಕಿಯಾಚೆ ಬಸ್ಸಿನ ಹಾರ್ನು ಕೇಳಿಸಿತು. ಮದುವಣಗಿತ್ತಿ ಬಂದಿದ್ದಳು. ಆಕೆ ಬಸ್ ಚಾಲಕಿ. ರಜೆ ಸಿಗದ ಕಾರಣ ಪ್ರಯಾಣಿಕರನ್ನೂ ಕರೆದುಕೊಂಡೇ ಬಂದಿದ್ದಳು.

“ಏನ್ರೀ, ಬರ್ತೀರೋ ಇಲ್ವೋ? ಕಿಟಕಿಯಿಂದ ಇಳೀರಿ!”

“ಕಿಟಕಿಯಿಂದ ಹೋಗೋಕೆ ಅಪ್ಪಣೆ ಬೇಕು ಕಣೆ.”

“ನಾನು ಕೊಟ್ಟಿದ್ದೀನಿ, ಇಳೀರಿ!”

ಗುಮಾಸ್ತ ಗಟ್ಟಿ ಮನಸ್ಸು ಮಾಡಿ ಕಿಟಕಿ ಹತ್ತಿ ಒಂದು ಕಾಲು ಹೊರಗೆ ಹಾಕಿದ. ಪ್ರಯಾಣಿಕರು ಜೈಕಾರ ಹಾಕಿದರು. ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಆದರೆ ಅವನು ಒಮ್ಮೆ ತಿರುಗಿ ನೋಡಿಬಿಟ್ಟ. ಒಳಗೆ ಆ ಮೆತ್ತನೆ ಕುರ್ಚಿ ಖಾಲಿ ಇತ್ತು. ಸಾಹೇಬರಿಗಂತೂ ಇನ್ನು ಅದು ಬೇಕಿಲ್ಲ.

“ಒಂದ್ನಿಮಿಷ ತಡಿ, ಯೋಚ್ನೆ ಮಾಡ್ತೀನಿ.”

ತರಬೇತುದಾರರು ಹಜಾರದಿಂದಲೇ ಕೂಗಿದರು: “ಕಣ್ಣು ಮುಚ್ಚಿ!”

“ಮುಚ್ಚಬೇಡಿ ರೀ!” ಎಂದು ಮದುವಣಗಿತ್ತಿ ಕಿರುಚಿದಳು.

ಅವನು ಮುಚ್ಚಿಯಾಗಿತ್ತು.

ಗುಮಾಸ್ತನಿಗೆ ಕಿಟಕಿ ಅಧಿಕಾರಿಯಾಗಿ ಬಡ್ತಿ ದೊರೆತಿದೆ. ಬಾಗಿಲು, ಕಿಟಕಿ ಎರಡೂ ಧ್ಯೇಯನಿಷ್ಠರಿಂದ ತುಂಬಿರುವುದರಿಂದ ಸಾಹೇಬರ ಮೇಜಿಗೆ ಅರ್ಜಿಗಳು ಹೋಗುವುದು ನಿಂತಿದೆ. ಬಾಕಿ ಅರ್ಜಿಗಳೇ ಇಲ್ಲದ ಕಚೇರಿ ಎಂದು ನಮಗೆ ಪ್ರಶಸ್ತಿಯೂ ಬಂದಿದೆ. ಅದನ್ನು ಒಳಗೆ ಇಡಲಾಗದೆ ಮೆಟ್ಟಿಲ ಮೇಲೆ ಇಟ್ಟಿದ್ದೇವೆ.

ಮದುವೆ ನಿಲ್ಲಲಿಲ್ಲ. ನೋಂದಣಾಧಿಕಾರಿ ಸ್ಥಳಕ್ಕೇ ಬಂದು ಪರಿಶೀಲಿಸಿ, ಹೊರಗಿರುವ ಕಾಲು ತಮ್ಮ ವ್ಯಾಪ್ತಿಗೆ ಬರುತ್ತದೆಂದು ತೀರ್ಮಾನಿಸಿ, ಆ ಕಾಲಿನ ಮಟ್ಟಿಗೆ ವಿವಾಹವನ್ನು ಊರ್ಜಿತಗೊಳಿಸಿದರು.

“ಹೋಗ್ಲಿ ಬಿಡಿ, ಒಂದ್ ಕಾಲಾದ್ರೂ ಸಿಕ್ತಲ್ಲ,” ಎಂದು ಹುಡುಗಿಯ ತಾಯಿ ಸಮಾಧಾನ ಮಾಡಿಕೊಂಡರು.

ಕಿಟಕಿಯ ಕೆಳಗೆ ಈಗ ಬಸ್ ನಿಲ್ದಾಣವಾಗಿದೆ. ಹೆಂಡತಿ ದಿನಾ ಅಲ್ಲಿ ಬಸ್ಸು ನಿಲ್ಲಿಸಿ, ಗಂಡನಿಗೆ ಊಟದ ಡಬ್ಬಿ ಕೊಟ್ಟು, ಚೆನ್ನಾಗಿ ಬೈದು ಹೋಗುತ್ತಾಳೆ. ಚಳಿಗಾಲದಲ್ಲಿ ಆ ಕಾಲಿಗೆ ಕಾಲುಚೀಲವನ್ನೂ ಅವಳೇ ತೊಡಿಸುತ್ತಾಳೆ. ಒಳಗಿನ ಕಾಲಿನದು ಇಲಾಖೆಯ ಖರ್ಚು.