ಬೊಂಬೆ ನೋಡದ ಅತ್ತೆ

ನನ್ನ ಯಜಮಾನರ ಸೋದರತ್ತೆಯ ಜೊತೆ ನವರಾತ್ರಿಯ ಬೊಂಬೆ ನೋಡಲು ಹೋಗುವುದಕ್ಕಿಂತ ಪೊಲೀಸರ ಜೊತೆ ಹೋಗುವುದು ವಾಸಿ. ಪೊಲೀಸರಾದರೂ ಕೋಸಂಬರಿ ಕೊಟ್ಟರೆ ಸುಮ್ಮನಾದಾರು!

ನಾನು ಸೇರು ಒದ್ದು ಒಳಗೆ ಬಂದ ದಿನವೇ ಇದು ಗೊತ್ತಾಯಿತು. ಉಳಿದವರು ಹೊಸ ಸೊಸೆಗೆ ಹಾಡು ಬರುತ್ತದೆಯೇ ಎಂದು ಕೇಳಿದರೆ ಇವರು ಕೇಳಿದ್ದೇನು?

"ಸೆರಗಿಗೆ ಬೆಂಕಿ ಹತ್ತಿದ್ರೆ ಏನ್ ಮಾಡ್ತೀಯ?"

"ಓಡ್ತೀನಿ," ಎಂದೆ.

"ಓಡಿದ್ರೆ ಮುಗೀತು. ನೆಲದ ಮೇಲೆ ಉರುಳ್ಬೇಕು."

ಧಾರೆ ಸೀರೆಯಲ್ಲೇ ಉರುಳಿಸಲಿಲ್ಲವಲ್ಲ, ಅದು ನನ್ನ ಪುಣ್ಯ. ಮಾರನೆಯ ದಿನ ಹತ್ತಿ ಸೀರೆಯಲ್ಲಿ ಉರುಳಿಸಿದರು.

ಆಗ ಜಯನಗರದ ನಮ್ಮ ರಸ್ತೆಯಲ್ಲಿ ಇದ್ದದ್ದು ಒಂಬತ್ತು ಮನೆ. ಮಿಕ್ಕಿದ್ದೆಲ್ಲ ಖಾಲಿ ಸೈಟು, ಲಂಟಾನ ಪೊದೆ, ಹುತ್ತ, ಹೊಲಗಳಿದ್ದ ಕಾಲದ ಕಟ್ಟೆಯಿಲ್ಲದ ಬಾವಿಗಳು. "ಫೈರ್ ಇಂಜಿನ್ ಇಲ್ಲಿಗೆ ಬರೋ ಹೊತ್ತಿಗೆ ಬೂದಿನೂ ತಣ್ಣಗಾಗಿರತ್ತೆ. ನಮ್ಮ ರಸ್ತೆ ನಾವೇ ನೋಡ್ಕೋಬೇಕು," ಎನ್ನುತ್ತಿದ್ದರು ಅತ್ತೆ. ಉದ್ದದ ಹಗ್ಗ ಯಾರ ಮನೆಯಲ್ಲಿದೆ, ಏಣಿ ಯಾರಲ್ಲಿದೆ, ಹಗಲು ಹೊತ್ತಿನಲ್ಲಿ ಮನೆಯಲ್ಲಿರುವ ಗಟ್ಟಿ ಗಂಡಸು ಯಾರು, ಎಲ್ಲವೂ ಅವರಿಗೆ ಬಾಯಿಪಾಠ. ಗಟ್ಟಿ ಗಂಡಸು ಒಬ್ಬರೇ ಇದ್ದರು, ಮೂಲೆ ಮನೆಯ ಮೇಷ್ಟರು. ಅವರಿಗೆ ಈಜು ಬರುವುದಿಲ್ಲ ಎಂದು ತಿಳಿದ ದಿನ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ.

ಹದಿನೆಂಟಕ್ಕೇ ವಿಧವೆಯಾದವರು. ಬೊಂಬೆ ಕೂರಿಸಿದ ಮನೆಯಲ್ಲಿ ನಮಗೆಲ್ಲ ಅರಿಸಿನ ಕುಂಕುಮ ಕೊಡುವಾಗ ಅವರಿಗೆ ಮಾಡಲು ಕೆಲಸವಿರುತ್ತಿರಲಿಲ್ಲ. ನನಗೆ ಜೊತೆಗೆಂದು ಬಂದು ಸುಮ್ಮನೆ ನಿಲ್ಲುವುದೇಕೆ ಎಂದು ಮನೆ ತಪಾಸಣೆ ನಡೆಸುತ್ತಿದ್ದರು. "ಬೊಂಬೆ ಹೇಗಿತ್ತು ಅತ್ತೆ?" ಎಂದರೆ, "ಹಿತ್ಲು ಬಾಗ್ಲಿಗೆ ಅಕ್ಕಿ ಮೂಟೆ ಅಡ್ಡ ಇಟ್ಟಿದಾರೆ," ಎಂಬ ಉತ್ತರ. ಇದನ್ನು ಆ ಮನೆಯವರ ಮುಂದೆಯೂ ಹೇಳುತ್ತಿದ್ದರು. ಹಬ್ಬದ ದಿನ ಬೆಂಕಿ, ಬಾವಿ, ಹಾವು ಎಂದರೆ ಯಾರಿಗೆ ಹಿಡಿಸೀತು? "ನೀವೊಬ್ಬರೇ ಬನ್ನಿ," ಎಂದು ಕೆಲವರು ನನಗೆ ಹೇಳಿದ್ದೂ ಉಂಟು.

ನನ್ನ ಮದುವೆಯಾದ ಎರಡನೆಯ ವರ್ಷ, ಸರಸ್ವತಿ ಪೂಜೆಯ ದಿನ, ಎದುರು ಮನೆಗೆ ಹೋದೆವು. ಆ ಮನೆಯ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಮಗುವಿಗೆ ಒಂದೂವರೆ ತಿಂಗಳು. ಟ್ರಂಕು, ಮೇಜು, ಸ್ಟೂಲುಗಳ ಮೇಲೆ ಪಂಚೆ ಹಾಸಿ ಏಳು ಮೆಟ್ಟಿಲು ಕಟ್ಟಿದ್ದರು. ಎಲ್ಲರೂ ಮೇಲಿನ ಮೆಟ್ಟಿಲಿನ ಪಟ್ಟದ ಬೊಂಬೆಗಳನ್ನು ನೋಡುತ್ತಿದ್ದರೆ ಅತ್ತೆ ಮೆಟ್ಟಿಲಿನ ಹಿಂದಕ್ಕೆ ಇಣುಕಿದರು.

"ಇದು ಬಾಣಂತಿ ಕೋಣೆ ಬಾಗ್ಲಲ್ವಾ?"

"ಅಡುಗೆಮನೆ ಕಡೆ ಇನ್ನೊಂದಿದೆ," ಎಂದರು ಮನೆಯಾಕೆ.

"ಕಿಟಕಿ?"

"ಗಾಳಿ ತಾಕಬಾರ್ದು ಅಂತ ಸಂದಿಗೆಲ್ಲ ಬಟ್ಟೆ ತುರುಕಿದೀವಿ."

"ಅಗ್ಗಿಷ್ಟಿಕೆ ಒಳಗೇ ಇದೆಯಾ?"

"ಬೆಳಗ್ಗೆಯಿಂದ ಇದೆ. ಮೋಡ ನೋಡಿ, ಚಳಿ. ತಲೆನೋವು ಅಂತಿದ್ಲು, ಮಲಗಿದಾಳೆ. ಮಗು ಇವತ್ತು ಅಳ್ಲೇ ಇಲ್ಲ."

ಅತ್ತೆ ನೇರವಾಗಿ ಅಡುಗೆಮನೆಗೆ ಹೋಗಿ ಬಾಗಿಲು ತಟ್ಟಿದರು. ಮಗುವಿಗೆ ಹಾಲೂಡಿಸಲು ಹುಡುಗಿ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದಳು. ಕೂಗಿದರು, ಗುದ್ದಿದರು. ಒಳಗೆ ಸದ್ದಿಲ್ಲ.

ಉಳಿದದ್ದು ನಡುಮನೆ ಕಡೆಯ ಬಾಗಿಲು. ಅದರ ಚಿಲಕ ನಮ್ಮ ಕಡೆಗೇ ಇತ್ತು, ಆದರೆ ಏಳು ಮೆಟ್ಟಿಲು ಬೊಂಬೆಯ ಹಿಂದೆ. ಅತ್ತೆ ಓಡಿ ಬಂದು ಕೈ ಚಾಚಿದರು. ಪಟ್ಟದ ಬೊಂಬೆಯ ಹತ್ತಿರ ಆ ಕೈ ನಿಂತಿತು. ಹಿಂದೊಮ್ಮೆ ಹಾವು ಹೊಕ್ಕ ಸೌದೆ ರಾಶಿಗೇ ಕೈ ಹಾಕಿದ್ದ ಹೆಂಗಸು, ಪೂಜೆಯ ಬೊಂಬೆ ಮುಟ್ಟಲು ಹೆದರಿ ನಡುಮನೆಯಲ್ಲಿದ್ದ ಸುಮಂಗಲಿಯರ ಮುಖ ನೋಡಿದರು. ಆ ಗಳಿಗೆ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡಿ, ಆ ಸುಮಂಗಲಿಯರಲ್ಲಿ ನಾನೂ ಒಬ್ಬಳು.

ಮರುಗಳಿಗೆ ಅತ್ತೆ ಹಾಸಿದ್ದ ಪಂಚೆಯನ್ನು ಎಳೆದುಬಿಟ್ಟರು. ರಾಜ, ರಾಣಿ, ಕಲಶ, ದೀಪ ಎಲ್ಲ ಒಟ್ಟಿಗೆ ಕೆಳಗೆ ಬಂದವು. ನಾನು ಉರುಳಿದ ದೀಪವನ್ನು ಆರಿಸಿ ಟ್ರಂಕು ಎಳೆದೆ. ಅತ್ತೆ ಚಿಲಕ ತೆಗೆದರು. ಹೊಗೆಯೇನೂ ಇರಲಿಲ್ಲ, ಬರೀ ಬಿಸಿ ಗಾಳಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲ ಎಂದು ನನಗೆ ಗೊತ್ತಾದದ್ದು ಅಂದೇ. ತಾಯಿಗೆ ಎಚ್ಚರವಿರಲಿಲ್ಲ. ಮಗುವಿನ ಕತ್ತು ಜೋತುಬಿದ್ದಿತ್ತು.

ಕೂಗಾಟ ಕೇಳಿ ಮೇಷ್ಟರು ಬಂದು ಹುಡುಗಿಯನ್ನು ಎತ್ತಿ ಜಗಲಿಗೆ ತಂದರು. ಅತ್ತೆ ಮಗುವನ್ನು ಬಯಲಿಗೆ ಒಯ್ದು ಅಂಗಾಲು ತಟ್ಟುತ್ತ, "ಅಳು ಕಂದ, ಅಳು," ಎನ್ನುತ್ತಿದ್ದರು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನಾವೆಲ್ಲ ಒಂದು ಮಗುವಿನ ಅಳುವಿಗೆ ಹಾಗೆ ಕಾದದ್ದು ಅದೇ ಮೊದಲು. ಕೊನೆಗೆ ಅದು ಅತ್ತಿತು. ಸ್ವಲ್ಪ ಹೊತ್ತಿಗೆ ಅದರ ತಾಯಿಯೂ ಕಣ್ಣು ಬಿಟ್ಟಳು. ಮನೆಯಾಕೆ ಒಡೆದ ಬೊಂಬೆಗಳ ನಡುವೆ ಕುಳಿತುಬಿಟ್ಟರು.

ಮನೆಗೆ ಬಂದ ಮೇಲೆ ಅತ್ತೆ ಕೈ ತೊಳೆದೇ ತೊಳೆದರು. "ಹಬ್ಬದ ದಿನ ಪಟ್ಟದ ಬೊಂಬೆ ಬೀಳಿಸಿಬಿಟ್ನಲ್ಲೇ. ಇನ್ಮೇಲೆ ನಾನು ಎಲ್ಲಿಗೂ ಬರಲ್ಲ," ಎಂದರು. ಹೇಳಿದಂತೆ ತಿಂಗಳು ಕಳೆದರೂ ಹೊಸಿಲು ದಾಟಲಿಲ್ಲ. ಖಾಲಿ ಸೈಟುಗಳ ಬಾವಿಗಳನ್ನು ಕೇಳುವವರೇ ಇಲ್ಲದಾಯಿತು.

ಮಗುವಿಗೆ ಮೂರು ತಿಂಗಳಾಗುತ್ತ ಬಂದಾಗ ಒಂದು ಬೆಳಗ್ಗೆ ಎದುರು ಮನೆಯಾಕೆ ರೇಷ್ಮೆ ಸೀರೆ ಉಟ್ಟು ನಮ್ಮ ಬಾಗಿಲಿಗೆ ಬಂದರು. ಬಾಗಿಲು ತೆಗೆದ ಅತ್ತೆ ಎಂದಿನಂತೆ ಗೋಡೆಗೆ ಸರಿದು ದಾರಿ ಬಿಟ್ಟು, "ಬಾರೇ, ನಿನ್ನ ಕರೆಯೋಕೆ ಬಂದಿದಾರೆ," ಎಂದು ನನ್ನನ್ನು ಕೂಗಿದರು.

ಆಕೆ ಒಳಗೆ ಬರಲಿಲ್ಲ. ಅಲ್ಲೇ ನಿಂತು ಅತ್ತೆಗೆ ಕೈ ಮುಗಿದರು. "ನಾಳೆ ನಾಮಕರಣ. ನೀವು ಬರ್ಬೇಕು. ಮಗೂನ ತೊಟ್ಟಿಲಿಗೆ ನೀವೇ ಹಾಕ್ಬೇಕು."

ಅತ್ತೆ ತಿರುಗಿ, ನಾನು ಹಿಂದೆ ಬಂದು ನಿಂತಿರುವೆನೇ ಎಂದು ನೋಡಿದರು.

"ನನ್ನನ್ನಲ್ಲ ಅತ್ತೆ," ಎಂದೆ. "ನಿಮ್ಮನ್ನೇ ಕರೀತಿರೋದು."