ಬಾಯಿಬಡುಕ ಬಾತುಗಳು

ಬೆಳಗಿನ ಐದೂವರೆಗೆ ಹಿತ್ತಲಲ್ಲಿ ಮೂರು ಬಾತುಗಳು ಒಟ್ಟಿಗೆ ಬಾಯಿ ತೆರೆದವು. ಮರುಕ್ಷಣವೇ ಮಹಡಿಯ ಮೇಲೆ ಮನೆ ಒಡತಿ ಕಿಟಕಿ ತೆರೆದರು. ಬೀದಿಯವರೆಲ್ಲ ಗಡಿಯಾರದಯ್ಯ ಎಂದು ಕರೆಯುವ, ಕೈಗಡಿಯಾರ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಬಡಪಾಯಿಯ ದಿನ ಹೀಗೆ ಕೆಟ್ಟಿತು.

"ಇವತ್ತು ಸಂಜೆಯೊಳಗೆ ಆ ಗಲಾಟೆ ನಿಲ್ಬೇಕು. ಇಲ್ಲಾಂದ್ರೆ ಬಾತು, ಬುಟ್ಟಿ, ನೀವು, ನಿಮ್ಮ ಹೆಂಡ್ತಿ ಎಲ್ಲಾ ಒಟ್ಟಿಗೆ ಮನೆ ಖಾಲಿ ಮಾಡಿ!"

ಬಾತುಗಳು ಇದ್ದದ್ದು ಆರು. ಐದೂವರೆ ತಿಂಗಳ ಹಿಂದೆ ಹೆಂಡತಿ ಅವನ್ನು ಹಳದಿ ಮರಿಗಳಾಗಿ ತಂದು, ಗಂಡನ ಕೆಲಸದ ಮೇಜಿನ ದೀಪವನ್ನೇ ಕಿತ್ತು ಪೆಟ್ಟಿಗೆಯ ಮೇಲೆ ಕಟ್ಟಿ ಕಾವು ಕೊಟ್ಟಿದ್ದಳು. ತಟ್ಟೆಯ ನೀರು ಮರಿಯ ಮೂಗು ಮುಳುಗುವಷ್ಟಿರಬೇಕು, ಮರಿಯೇ ಮುಳುಗುವಷ್ಟಿರಬಾರದು ಎಂದು ಅವನಿಗೆ ಪಾಠ ಮಾಡಿದ್ದಳು. ಕಾವು ಕೊಟ್ಟಷ್ಟು ದಿನವೂ ಗಡಿಯಾರದಯ್ಯ ಅಡುಗೆಮನೆಯ ಮಂಕು ಬೆಳಕಿನಲ್ಲಿ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಹುಡುಕಾಡಿದ್ದ. ಈಗ ಆರೂ ಒಂದೇ ಬಿಳುಪು, ಒಂದೇ ಗಾತ್ರ. ಮೊದಲ ಮೊಟ್ಟೆಗಾಗಿ ಅವಳು ದಿನಾ ಬೆಳಗ್ಗೆ ಗೂಡಿನ ಹುಲ್ಲು ಕೆದಕುತ್ತಿದ್ದಳು. ನಿನ್ನೆ ಅಕ್ಕನ ಮನೆಗೆ ಹೋದವಳು ಇವತ್ತು ಸಂಜೆಯ ಬಸ್ಸಿಗೆ ಬರುವವಳಿದ್ದಳು. ಏನು ಮಾಡಲಿ ಎಂದು ಕೇಳಲು ಫೋನು ಮಾಡಿದ. ಅವಳು ಮರೆತುಹೋಗಿದ್ದ ಫೋನು ಅಡುಗೆಮನೆಯ ಕಪಾಟಿನ ಮೇಲೆಯೇ ಮೊಳಗಿತು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರರು ಕಾಂಪೌಂಡಿನ ಮೇಲೆ ತಲೆ ಎತ್ತಿದರು. ಯಾರ ಮನೆಯಲ್ಲಿ ಏನು ತೊಂದರೆಯಾದರೂ ಮೊದಲು ಕಾಣಿಸುವ ತಲೆ ಅದು.

"ಕೂಗೋದು ಆರೂ ಅಲ್ಲ ಕಣಯ್ಯ, ಮೂರೇ. ಗಮನಿಸಿದೀಯಾ?"

"ಗಮನಿಸದೆ ಇರೋಕೆ ಬಿಡ್ತವಾ ಸಾರ್?"

"ಕೋಳಿಗಳಲ್ಲಿ ಕೂಗೋದ್ಯಾರು? ಹುಂಜ. ಹಾಗಾದ್ರೆ ಇಲ್ಲಿ ಕೂಗೋವೂ ಗಂಡೇ. ಮೂರನ್ನ ಸಾಗಹಾಕು. ಉಳಿದ ಮೂರು ಹೆಣ್ಣು, ಸಾಧುಪ್ರಾಣಿಗಳು, ತೆಪ್ಪಗೆ ಮೊಟ್ಟೆ ಇಡ್ತವೆ."

ಗಡಿಯಾರದಯ್ಯನಿಗೆ ಹೋದ ಜೀವ ಬಂದಂತಾಯಿತು. ಮನೆಯೂ ಉಳಿಯುತ್ತದೆ, ಹೆಂಡತಿಯ ಮೊಟ್ಟೆಯೂ ಉಳಿಯುತ್ತದೆ!

ಆದರೆ ಆರರಲ್ಲಿ ಕೂಗುವ ಮೂರನ್ನು ಗುರುತು ಹಿಡಿಯುವುದು ಹೇಗೆ? ಮಾಸ್ತರರು ಸೀಟಿ ಊದಬೇಕು, ಅದಕ್ಕೆ ಎದುರು ಕೂಗಿದ ಬಾತಿನ ಬೆನ್ನಿಗೆ ಗಡಿಯಾರದಯ್ಯ ನೀಲಿ ಶಾಯಿ ಹಚ್ಚಬೇಕು ಎಂದಾಯಿತು. ಸೀಟಿಗೆ ಮೂರು ಬಾತು ಕಿರುಚಿದವು, ಆರೂ ಓಡಿದವು. ಒಂದನ್ನು ಅಟ್ಟಿದರೆ ಉಳಿದ ಐದೂ ಅದರ ಹಿಂದೆ ಮೆರವಣಿಗೆ ಹೊರಡುತ್ತಿದ್ದವು.

"ಎಡಕ್ಕೆ! ಎಡಕ್ಕೆ ತಿರುಗು!" ಎಂದು ಮಾಸ್ತರರು ಗರ್ಜಿಸಿದರು. ಹೇಳಿದ್ದು ಬಾತಿಗೋ ತನಗೋ ಎಂದು ಯೋಚಿಸುವಷ್ಟರಲ್ಲಿ ಗಡಿಯಾರದಯ್ಯ ಬಾತುಗಳು ಈಜುವ ತೊಟ್ಟಿಯೊಳಗೆ ಕೂತಿದ್ದ. ಆ ನೀರನ್ನು ಬದಲಿಸಿ ಎರಡು ದಿನವಾಗಿತ್ತು. ಬದಲಿಸಬೇಕಾಗಿದ್ದವನೂ ಅವನೇ.

ಅಂತೂ ಏಳೂವರೆಗೆ ಶಾಯಿ ಹಚ್ಚಿಸಿಕೊಂಡ ಮೂರು ಬಾತುಗಳು ಬುಟ್ಟಿಗೆ ಬಿದ್ದವು. ಅವನ ಶರ್ಟು, ಗಲ್ಲ, ಎಡಗಿವಿ ಕೂಡ ಶಾಯಿ ಹಚ್ಚಿಸಿಕೊಂಡಿದ್ದವು. ಬೀದಿಯ ತುದಿಯ ಕ್ಷೌರದಂಗಡಿಯವನು ಬುಟ್ಟಿ ಕಂಡದ್ದೇ ಕೈ ಚಾಚಿದ.

"ಕೊಡಿ ಅಣ್ಣಾ, ಕೊಡಿ. ನನ್ನ ಹಿತ್ತಲ ಸೊಪ್ಪನ್ನೆಲ್ಲ ಬಸವನಹುಳು ಮುಕ್ಕಿಹಾಕ್ತಿವೆ. ಇವು ಹುಳುಗಳಿಗೆ ಒಂದು ಗತಿ ಕಾಣಿಸ್ತವೆ."

ಮನೆಗೆ ಬಂದು ಸ್ನಾನ ಮಾಡಿ ಗಡಿಯಾರದಯ್ಯ ಮೇಜಿನ ಮುಂದೆ ಕೂತ. ಎಂಥ ನಿಶ್ಶಬ್ದ! ಎಷ್ಟೋ ತಿಂಗಳ ಮೇಲೆ ಮೊದಲ ಸಲ ಗಡಿಯಾರದ ಸದ್ದು ಗಡಿಯಾರದಂತೆ ಕೇಳಿಸಿತು. ಸಂಜೆಯೊಳಗೆ ನಾಲ್ಕು ಗಡಿಯಾರ ಮುಗಿಸಿದ. ಸಂತೋಷಕ್ಕೆ ಒಂದೆರಡು ಸಲ ತಾನೇ ಸಿಳ್ಳೆ ಹಾಕಿದ.

ಹೆಂಡತಿ ಬಂದವಳು ಚೀಲ ಇಳಿಸದೆಯೇ ಹಿತ್ತಲಿಗೆ ಹೋದಳು.

"ಇನ್ಮೂರು ಎಲ್ರೀ?"

"ಗಂಡುಗಳನ್ನ ಸಾಗಹಾಕಿದೆ. ಹೆಣ್ಣುಗಳನ್ನ ಉಳಿಸ್ಕೊಂಡೆ," ಎಂದ ಗಡಿಯಾರದಯ್ಯ ಎದೆಯುಬ್ಬಿಸಿ.

ಅವಳು ಒಂದು ಬಾತನ್ನೆತ್ತಿ ಅದರ ಹಿಂಭಾಗವನ್ನು ಅವನ ಮೂಗಿಗೆ ಹಿಡಿದಳು. "ಬಾಲದ ಮೇಲೆ ಗರಿ ಸುರುಳಿ ಸುತ್ತಿದೆ, ಕಾಣಿಸ್ತಾ? ಇದು ಗಂಡು. ಅದೂ ಗಂಡು, ಆಚೇದೂ ಗಂಡು. ಬಾತುಗಳಲ್ಲಿ ಗಂಟಲಿರೋದು ಹೆಣ್ಣಿಗೆ! ಲೆನ್ಸ್ ಹಾಕ್ಕೊಂಡು ದಿನವೆಲ್ಲಾ ಧೂಳಿನ ಕಣ ಹುಡುಕ್ತೀರಿ, ಒಂದು ಬಾಲ ನೋಡೋಕಾಗ್ಲಿಲ್ವಾ?"

ಗಡಿಯಾರದಯ್ಯ ಚಪ್ಪಲಿ ಮೆಟ್ಟಿಕೊಳ್ಳದೆ ಓಡಿದ. ಕ್ಷೌರದವನು ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ.

"ವಾಪಸ್ಸಾ? ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ ಅಣ್ಣಾ? ಬುಟ್ಟಿ ಬೇಕಾದ್ರೆ ತಗೊಂಡ್ಹೋಗಿ. ಅದ್ರಲ್ಲೇ ಒಂದು ಬಾತು ಮೊಟ್ಟೆ ಇಟ್ಟಿತ್ತು. ಇವು ನನಗೆ ಬರೋಕೆ ಕಾರಣ ನಿಮ್ಮ ಮನೆ ಒಡತಿ ತಾನೆ, ಅವರಿಗೇ ಕೊಟ್ಬಂದೆ. ಗಲಾಟೆ ಮಾತ್ರ ನನ್ನ ಹೆಂಡ್ತಿ ಕೈಲೂ ತಡೆಯೋಕಾಗ್ತಿಲ್ಲ. ಅದಕ್ಕೂ ಒಂದು ವ್ಯವಸ್ಥೆ ಆಗಿದೆ ಬಿಡಿ."

ಮೊಟ್ಟೆ ಹೋದರೆ ಹೋಯಿತು, ಮನೆಯಾದರೂ ಉಳಿಯಿತಲ್ಲ ಎಂದುಕೊಂಡು ಗಡಿಯಾರದಯ್ಯ ಖಾಲಿ ಬುಟ್ಟಿ ಹಿಡಿದು ಮರಳಿದ. ಮೆಟ್ಟಿಲ ಮೇಲೆ ಒಡತಿ ನಿಂತಿದ್ದರು. ಅವರು ನಕ್ಕಿದ್ದನ್ನು ಅವನು ಇದೇ ಮೊದಲು ನೋಡಿದ್ದು.

"ಗಲಾಟೆ ನಿಂತಿದೆಯಮ್ಮಾ," ಎಂದ.

"ಅದಿರ್ಲಿ. ಆ ಮೊಟ್ಟೇಲಿ ಆಮ್ಲೆಟ್ ಮಾಡ್ಕೊಂಡು ತಿಂದೆ. ಏನು ರುಚಿ ಅಂತೀರಿ! ಇನ್ಮೇಲೆ ವಾರಕ್ಕೆ ನಾಲ್ಕು ಕೊಡ್ತೀನಿ ಅಂದಿದಾನೆ ಕ್ಷೌರದವನು. ಪಾಪ, ಬಾತುಗಳನ್ನ ಇಡೋಕೆ ಅವನಿಗೆ ಜಾಗ ಬೇಕಂತೆ. ನಮ್ಮ ಹಿತ್ತಲ ಗೂಡು ಕೊಡ್ತೀನಿ ಅಂತ ಒಪ್ಕೊಂಡುಬಿಟ್ಟೆ. ನಾಳೆ ಬೆಳಗ್ಗೆ ಮೂರೂ ಬರ್ತವೆ. ಅಷ್ಟರೊಳಗೆ ನಿಮ್ಮ ದಂಡಪಿಂಡಗಳನ್ನ ಖಾಲಿ ಮಾಡಿಸಿ."

"ಆದ್ರೆ ಅಮ್ಮಾ, ಆ ಗಲಾಟೆ..."

"ಮೊಟ್ಟೆ ಇಡೋವು ಸ್ವಲ್ಪ ಕೂಗಾಡ್ತವಪ್ಪ, ಹೊಂದ್ಕೊಂಡು ಹೋಗ್ಬೇಕು," ಎಂದು ಒಡತಿ ಮೆಟ್ಟಿಲು ಹತ್ತತೊಡಗಿದರು. ಅರ್ಧಕ್ಕೆ ನಿಂತು ತಿರುಗಿದರು. "ಅವಕ್ಕೆ ನೀರು, ಕಾಳು ನೀವೇ ನೋಡ್ಕೊಳ್ಳಿ. ಹೇಗೂ ನಿಮಗೆ ಅಭ್ಯಾಸ ಇದೆಯಲ್ಲ."