ಅಣ್ಣನ ಎಂಜಲು

ಮೂಗು ಹೇಗಿದ್ದರೇನಂತೆ? ಮೂಗು ನೋಡಿ ಮಗಳನ್ನು ಒಪ್ಪಿಕೊಳ್ಳುವುದುಂಟೇ? ಅಥವಾ ಅಣ್ಣ ಆಗಾಗ ಹೇಳುವುದರಲ್ಲಿ ಸಾಸಿವೆಯಷ್ಟಾದರೂ... ಛೆ!

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ ತಮ್ಮ ತನ್ನ ಯೋಚನೆಗೆ ತಾನೇ ನಾಚಿ ಯಂತ್ರ ನಿಲ್ಲಿಸಿದ. ವಿಚ್ಛೇದನದ ನಂತರ ತಾಯಿಯ ಬಳಿ ಇರುವ ಮಗಳು ಭಾನುವಾರವೆಂದು ಬಂದಿದ್ದಳು. ಅವಳ ಮೊದಲ ಕನ್ನಡಕವನ್ನು ದೊಡ್ಡಪ್ಪನೇ ತೊಡಿಸಿದ. ಅದು ಜಾರುಬಂಡೆ ಹತ್ತಿದ ಹುಡುಗರಂತೆ ಸರ್ರನೆ ಇಳಿದು ತುಟಿಯ ಮೇಲೆ ಕೂತಿತು.

"ನಮ್ಮ ವಂಶದ ಮೂಗಿನ ಮೇಲೆ ಕನ್ನಡಕ ಜಾರಿದ್ದುಂಟೇನೋ?" ಎಂದ ಅಣ್ಣ, ಗಿರಾಕಿಯ ಎದುರಿಗೇ. "ಡಿಎನ್‌ಎ ಪರೀಕ್ಷೆ ಮಾಡಿಸು. ಅಲ್ಲೀವರೆಗೂ ಇವಳು ಈ ಹೊಸಿಲು ದಾಟೋದು ಬೇಡ."

ಗೋಡೆಯ ಮೇಲಿನ ದೊಡ್ಡ ಅಕ್ಷರವೇ ಕಾಣದೆ ತಡಕಾಡುತ್ತಿದ್ದ ಗಿರಾಕಿಗೆ ಮೂಗು ಮಾತ್ರ ಕಂಡಿತು. "ಹೌದಲ್ಲ!" ಎಂದ.

"ಮಾಡಿಸ್ತೀನಿ," ತಮ್ಮ ಸಿಡಿದೆದ್ದ. "ಮಾಡಿಸಿ ಎಲ್ಲರ ಬಾಯಿಗೂ ಬೀಗ ಹಾಕ್ತೀನಿ."

ಮಗಳ ಕೈ ಹಿಡಿದು ಲ್ಯಾಬಿಗೆ ನಡೆದ.

"ಮಗು ಇರೋದು ಯಾರ ಹತ್ರ?" ಎಂದಳು ಅಲ್ಲಿನವಳು.

"ಅವರಮ್ಮನ ಹತ್ರ."

"ಹಾಗಾದ್ರೆ ಮಗುವಿನ ಎಂಜಲು ತಗೊಳ್ಳೋಕೆ ಅವರ ಒಪ್ಪಿಗೆ ಬೇಕು. ನಿಮ್ಮೊಬ್ಬರ ಮಾತು ಇಲ್ಲಿ ನಡೆಯಲ್ಲ."

"ಎಲ್ಲೂ ನಡೆದಿಲ್ಲ ಬಿಡಿ," ಎಂದ.

ಅವಳಮ್ಮ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ತಮ್ಮ ಕಿಟಕಿಗೆ ಬಾಯಿ ಹಚ್ಚಿ ಆದಷ್ಟು ಮೆತ್ತಗೆ ವಿಷಯ ಹೇಳಿದ. ಅವಳ ಮುಂದಿನ ಮೈಕು ಚಾಲೂ ಇದ್ದದ್ದನ್ನು ಇಬ್ಬರೂ ನೋಡಲಿಲ್ಲ. "ಮಗು ನನ್ನದು ಹೌದೋ ಅಲ್ಲವೋ" ಎಂಬ ಪಿಸುಮಾತು ಇಡೀ ನಿಲ್ದಾಣಕ್ಕೆ ಕೇಳಿಸಿತು. ಹೊರಟಿದ್ದ ಬಸ್ಸಿನ ಚಾಲಕ ಇಂಜಿನ್ ಆರಿಸಿ ತಲೆ ಹೊರಗೆ ಹಾಕಿದ.

"ಅನುಮಾನ ಯಾರಿಗೆ?" ಅವಳ ದನಿ ಗೋಡೆಗೋಡೆಯಿಂದ ಬಂತು.

"ಅಣ್ಣನಿಗೆ."

"ನಿಮಗೆ?"

ಅವನು ಸುಮ್ಮನಾದ. ಮೈಕು ಆ ಮೌನವನ್ನೂ ನಿಷ್ಠೆಯಿಂದ ಪ್ರಸಾರ ಮಾಡಿತು.

"ಒಪ್ಪಬೇಡಮ್ಮಾ!" ಬಸ್ಸಿನಿಂದ ಅಜ್ಜಿಯೊಬ್ಬಳು ಕೂಗಿದಳು.

"ಒಪ್ತೀನಿ ಅಜ್ಜಿ, ನನಗೇನು ಭಯ?" ಈಗ ಅವಳು ಮೈಕನ್ನು ಬೇಕೆಂದೇ ಹತ್ತಿರ ಎಳೆದುಕೊಂಡಳು. "ಆದ್ರೆ ವಂಶ ವಂಶ ಅಂತಾರಲ್ಲ ನಿಮ್ಮಣ್ಣ, ಅವರೂ ಎಂಜಲು ಕೊಡಲಿ. ಇಡೀ ವಂಶಾನೇ ತೂಗಿಬಿಡೋಣ!"

ನಿಲ್ದಾಣ ಚಪ್ಪಾಳೆ ತಟ್ಟಿತು.

"ಎಂಜಲೇನು, ಲೋಟ ತುಂಬ ಕೊಡ್ತೀನಿ," ಎಂದು ಅಣ್ಣ ಅಂಗಡಿ ಬಿಟ್ಟು ಲ್ಯಾಬಿಗೆ ಬಂದ. ಸಂಜೆಗೇ ಬೇಕೆಂದು ಹಟ ಹಿಡಿದು ಅವಸರದ ದರವನ್ನೂ ತಾನೇ ಕಟ್ಟಿದ. "ನನ್ನ ರಿಪೋರ್ಟನ್ನೂ ಇವನಿಗೇ ಹೇಳಿ. ನಮ್ಮಲ್ಲಿ ಮುಚ್ಚುಮರೆ ಇಲ್ಲ."

ಸಂಜೆ ಲ್ಯಾಬಿನ ವೈದ್ಯೆ ತಮ್ಮನೊಬ್ಬನನ್ನೇ ಒಳಗೆ ಕರೆದು ಬಾಗಿಲು ಮುಚ್ಚಿದಳು. "ಮಗಳು ನಿಮ್ಮವಳೇ. ಸಂಶಯವೇ ಇಲ್ಲ."

ಅವನು ಕುರ್ಚಿಯಿಂದ ಜಿಗಿದ. "ಕೊಡಿ, ಅಣ್ಣನ ಮುಖಕ್ಕೇ ಹಿಡೀತೀನಿ!"

"ಕೂತ್ಕೊಳ್ಳಿ. ಇದೇ ಹಾಳೆಯಲ್ಲಿ ಇನ್ನೊಂದಿದೆ. ನಿಮಗೂ ನಿಮ್ಮಣ್ಣನಿಗೂ ರಕ್ತಸಂಬಂಧ ಇಲ್ಲ."

ಅವನು ಕೂತ. "ಅಂದ್ರೆ... ಅವನು ಹೊರಗಿನವನಾ?"

"ಅವರೋ, ನೀವೋ. ಅದು ಇದರಲ್ಲಿ ತಿಳಿಯೋದಿಲ್ಲ."

ಕೇಳೋಣವೆಂದರೆ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಅವರು ಹೋದಮೇಲೆ ಬೈದು ಬೈದೇ ಅವನನ್ನು ಸಾಕಿ, ಕಸುಬು ಕಲಿಸಿದವನು ಅಣ್ಣ.

ಅಂಗಡಿಯಲ್ಲಿ ಅಣ್ಣ, ಅತ್ತಿಗೆ, ಬೆಳಗಿನ ಗಿರಾಕಿ, ಬಸ್ಸಿನ ಚಾಲಕ ಎಲ್ಲರೂ ಕಾದಿದ್ದರು.

"ಇವಳು ನನ್ನ ಮಗಳು," ಎಂದ ತಮ್ಮ, ಮಗಳ ಕೈ ಹಿಡಿದು ಒಳಗೆ ಬಂದು.

"ತೋರಿಸು ರಿಪೋರ್ಟು."

"ಹರಿದು ಹಾಕಿದೆ."

"ಯಾಕೋ?"

"ನನ್ನಿಷ್ಟ! ಪ್ರತಿ ಭಾನುವಾರ ಬರ್ತಾಳೆ, ಈ ಹೊಸಿಲೇ ದಾಟ್ತಾಳೆ. ಯಾರು ತಡೀತೀರೋ ನೋಡ್ತೀನಿ."

ಎಲ್ಲರೂ ಮುಖ ಮುಖ ನೋಡಿಕೊಂಡರು. "ಪಾಪ," ಎಂದಳು ಅತ್ತಿಗೆ.

"ಪಾಪ ಏನು ಬಂತು? ಅವರಮ್ಮನ್ನ ಕೇಳಿ, ಅವಳಿಗೂ ಲ್ಯಾಬಿನವರು ಹೇಳಿದ್ದಾರೆ!"

"ಅವಳು ಇನ್ನೇನು ಹೇಳ್ತಾಳಪ್ಪ," ಎಂದ ಚಾಲಕ, ನಿಟ್ಟುಸಿರು ಬಿಟ್ಟು.

ಅಣ್ಣನ ಕಣ್ಣು ಒದ್ದೆಯಾಗಿತ್ತು. ಬಂದು ತಮ್ಮನ ಹೆಗಲು ತಬ್ಬಿದ. "ಬರಲಿ ಬಿಡೋ. ರಕ್ತ ಏನು ಮಹಾ? ಸಾಕಿದವನೇ ಅಪ್ಪ."

"ನನ್ನ ಮಗಳೇ ಅಂದ್ನಲ್ಲ!"

"ಹೌದು ಕಣೋ, ಹೌದು," ಎಂದ ಅಣ್ಣ, ಜ್ವರದಲ್ಲಿ ಬಡಬಡಿಸುವವನನ್ನು ಸಂತೈಸುವಂತೆ. "ಯಾರು ಏನಾದ್ರೂ ಅಂದುಕೊಳ್ಳಲಿ. ಒಡಹುಟ್ಟಿದವನು ನಾನಿಲ್ವಾ?"

ಮಗಳ ಜಾರಿದ್ದ ಕನ್ನಡಕವನ್ನು ತಮ್ಮ ಮೇಲಕ್ಕೆ ಸರಿಸಿದ.

ತಾವಿಬ್ಬರೂ ಒಡಹುಟ್ಟಿದವರಲ್ಲ ಎಂದು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.